ಮೇಷ್ಟ್ರ ಜಾಗ

ಆ ವರ್ಷ ದೀಪಾವಳಿ ಕಳೆದದ್ದೇ, ವನಜಾಕ್ಷಿಯ ಮನೆಯವರೆಲ್ಲ ಇದ್ದಕ್ಕಿದ್ದಂತೆ ಒಳ್ಳೆಯವರಾಗಿಬಿಟ್ಟರು. ಗಂಡ ಮೈಲಾರಿ ಮದುವೆಯಾದಾಗಿನಿಂದ ಒಂದು ಬಿಂದಿಗೆ ನೀರು ಹೊತ್ತವನಲ್ಲ. ಈಗ ಬೆಳಗಾಗೆದ್ದು ತೊಟ್ಟಿ ತುಂಬಿಸುತ್ತಿದ್ದ. ಅತ್ತೆ ತಿಮ್ಮಕ್ಕ ಸಂಜೆ ಮುದ್ದೆಗೆ ಎಸರಿಡುವ ಕೆಲಸವನ್ನು ತಾನೇ ವಹಿಸಿಕೊಂಡು, "ನೀನು ಹೋಗವ್ವಾ, ಪಾಠಕ್ಕೆ ಹೊತ್ತಾಯ್ತು" ಎನ್ನುತ್ತಿದ್ದಳು. ಮಾವ ಉಗ್ರಪ್ಪನಂತೂ ಕೊಬ್ಬರಿ ಹಾಕಲು ತಿಪಟೂರಿನ ಮಂಡಿಗೆ ಹೋದಾಗಲೆಲ್ಲ ಸೊಸೆಯ ಗಂಟಲಿಗೆ ಒಳ್ಳೆಯದೆಂದು ಕಲ್ಲುಸಕ್ಕರೆ ತರುತ್ತಿದ್ದ. ವನಜಾಕ್ಷಿ ಹಿಗ್ಗಿಹೋದಳು. ಉಪ್ಪು ಹಾಕಲು ಮರೆತ ಸಾರನ್ನೂ ಗಂಡಸರು ಮಾತಿಲ್ಲದೆ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದಾರೆಂದರೆ ಒಳಗೇನೋ ಇದೆ ಎಂದು ಅನುಮಾನ ಬರಬೇಕಿತ್ತು. ಅವಳಿಗೆ ಬರಲಿಲ್ಲ. ಪ್ರೀತಿಯಿಂದ ಮಾತಾಡಿಸುವವರ ಮೇಲೆ ಅನುಮಾನ ಪಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಕಲಿತಿದ್ದೆಲ್ಲ ಹಾಡು ಮತ್ತು ಬಣ್ಣ. ತುರುವೇಕೆರೆ ಕಡೆಯ ಅವಳ ಅಪ್ಪ ಶ್ರೀರಂಗಯ್ಯ ಊರೂರು ತಿರುಗಿ ರೈತರಿಗೆ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಗಂಡುಮಕ್ಕಳಿರಲಿಲ್ಲವಾಗಿ ಮಗಳನ್ನೇ ಜೊತೆಗೆ ಕೂರಿಸಿಕೊಂಡು ಹಾರ್ಮೋನಿಯಂನ ಕರಿಮನೆ ಬಿಳಿಮನೆ ತೋರಿಸಿದ್ದ. ಸೀನಿನ ಪರದೆಗಳಿಗೆ ಬಣ್ಣ ಬಳಿಯುವುದನ್ನೂ ಹೇಳಿಕೊಟ್ಟಿದ್ದ. ಆತ ತೀರಿಕೊಂಡ ಮೇಲೆ ಹಾರ್ಮೋನಿಯಂ ಮಗಳ ಹಿಂದೆ ಹೊನ್ನವಳ್ಳಿ ಪಕ್ಕದ ಗಂಡನ ಊರಿಗೆ ಬಂತು. ಎರಡು ವರ್ಷದ ಕೆಳಗೆ ಒಂದು ಸಂಜೆ ಅವಳು ಮಗಳು ಸ್ಪಂದನಳಿಗೆ ಹಾಡು ಹೇಳಿಕೊಡುತ್ತಿದ್ದಾಗ, ಬೀದಿಯ ನಾಲ್ಕಾರು ಮಕ್ಕಳು ಬಾಗಿಲಲ್ಲಿ ಬಂದು ನಿಂತವು. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ತಾವೂ ಕೂತರು. ಸೊಸೆಯರನ್ನು ಹುಡುಕಿಕೊಂಡು ಬಂದ ಅತ್ತೆಯರಿಗೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಹೀಗೆ ಶುರುವಾದದ್ದು.

ಮನೆಯ ಜಗಲಿ ಸಾಲದಾದಾಗ ಉಗ್ರಪ್ಪನೇ ಹಿತ್ತಲಿನ ಕೊಬ್ಬರಿ ಮನೆಯನ್ನು ಗುಡಿಸಿಕೊಟ್ಟ. ಮೇಲೆ ಅಟ್ಟದ ತುಂಬ ಒಣಗಲು ಬಿಟ್ಟ ಕಾಯಿ, ಕೆಳಗೆ ಪಾಠ. ಹಲ್ಲು ಬೀಳುತ್ತಿರುವ ಮಕ್ಕಳು ಒಂದು ಸಾಲು, ಹಲ್ಲು ಬಿದ್ದುಹೋದ ಮುದುಕಿಯರು ಒಂದು ಸಾಲು. ತಬಲಾ ಇಲ್ಲವೆಂದು ಕಾಯಿಚಿಪ್ಪಿನಲ್ಲೇ ತಾಳ. ಭಾನುವಾರ ಹಾಡಿಲ್ಲ, ಚಿತ್ರ. ಮೊದಮೊದಲು "ಅಡುಗೆ ಮನೆ ಬುಟ್ಟು ಇದೇನು ಗಾನ" ಎಂದು ನಕ್ಕವರಲ್ಲಿ ಉಗ್ರಪ್ಪನೂ ಒಬ್ಬ. ಆಮೇಲೆ ಅವನೇ ಬಂದು ಗಂಡಸರ ಸಾಲಿನಲ್ಲಿ ಮೊದಲು ಕೂತ. "ಮೇಷ್ಟ್ರೇ, ನನ್ ಗಂಟಲು ಯಾವ ಮನೇದು ನೋಡಿ" ಎಂದು ಸೊಸೆಯನ್ನು ರೇಗಿಸಿದ. ಅವಳು ಒಂದು ಮನೆ ಒತ್ತಿ, "ಬಿಳಿ ಎರಡು ಮಾವಾ, ಅದರ ಮ್ಯಾಲೆ ಹತ್ತಿದ್ರೆ ಜಾರ್ತೀರ" ಎಂದಾಗ ಕೊಬ್ಬರಿ ಮನೆಯೆಲ್ಲ ನಕ್ಕಿತ್ತು.

ಊರಿಗೆ ಹೊಸ ಸಮುದಾಯ ಭವನ ಮಂಜೂರಾಗಿ, ಗೋಡೆ ಎದ್ದು, ಸಂಕ್ರಾಂತಿ ಕಳೆದು ಉದ್ಘಾಟನೆ ಎಂದಾದಾಗ ಉಗ್ರಪ್ಪ ಎಲ್ಲರೆದುರು ಹೇಳಿಬಿಟ್ಟ: "ಅವತ್ತು ನಾಟಕ ಆಡೋದೇ ಸೈ. ಹೊರಗಿಂದ ಮೇಷ್ಟ್ರು ಯಾಕ್ಲಾ? ನಮ್ಮ ಸೊಸೆನೇ ಮೇಷ್ಟ್ರು."

ಈ ಸೀಮೆಯಲ್ಲಿ ನಾಟಕ ಅಂದರೆ ಸುಮ್ಮನೆ ಅಲ್ಲ. ಸ್ಟೇಜಿನ ಒಂದು ಮಗ್ಗುಲಿಗೆ ಜಮಖಾನ ಹಾಸಿ ಹಾರ್ಮೋನಿಯಂ ಇಟ್ಟಿರುತ್ತಾರೆ. ಅದು ಮೇಷ್ಟ್ರ ಜಾಗ. ರಾಜನಾಗಲಿ ದ್ವಾರಪಾಲಕನಾಗಲಿ, ಮೊದಲ ಸಲ ಒಳಗಿನಿಂದ ಬಂದವನು ಬಾಗಿ ಮೇಷ್ಟ್ರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೇ ಬಾಯಿ ತೆರೆಯಬೇಕು. ವನಜಾಕ್ಷಿಯ ಅಪ್ಪ ಆ ಜಾಗದಲ್ಲಿ ಕೂತು ಮುದುಕನಾದವನು. ಮಗಳಿಗೆ ಬೇರೆ ಆಸೆ ಇರಲಿಲ್ಲ. ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಒಂದೇ ಒಂದು ದಿನ ಆ ಜಮಖಾನದ ಮೇಲೆ ಕೂರಬೇಕು, ಊರು ತನ್ನನ್ನು ಮೇಷ್ಟ್ರು ಅನ್ನಬೇಕು, ಅಷ್ಟೇ.

ಸರಿ, ಅಭ್ಯಾಸ ಶುರುವಾಯಿತು. ಕಥೆ ಹಳೇ ಕಾಲದ್ದು. ಪದಗಳನ್ನು ಅವಳೇ ಕೂಡಿಸಿ ಮಟ್ಟು ಹಾಕಿದಳು. ಉಗ್ರಪ್ಪನಿಗೆ ರಾಜನ ಪಾರ್ಟು, ಅಮ್ಮಸಂದ್ರದ ಫ್ಯಾಕ್ಟರಿಯಿಂದ ರಿಟೈರಾಗಿ ಬಂದಿದ್ದ ಏಕಾಂತಯ್ಯನಿಗೆ ಮಂತ್ರಿ, ಮೈಲಾರಿಗೆ ಸೇನಾಪತಿ. ಹೆಂಗಸರು ಮಕ್ಕಳು ಒರಟು ಬಟ್ಟೆ ಹೊಲಿದು ಉದ್ಯಾನವನದ ಪರದೆ ಬರೆಯತೊಡಗಿದರು. ಎದುರು ಮನೆಯ ಓಬಮ್ಮ, ಎಪ್ಪತ್ತು ದಾಟಿದವಳು, ತನ್ನ ಪಾಲಿಗೆ ಬಂದ ಮೂಲೆಯಲ್ಲಿ ತೆಂಗಿನ ಮರ ಬರೆದಳು.

"ಲೇ ಓಬಕ್ಕ, ರಾಜನ ಉದ್ಯಾನವನದಾಗೆ ತೆಂಗಿನ ಮರ ಎಲ್ಲೈತೆ?" ಉಗ್ರಪ್ಪ ರೇಗಿದ.

"ಯಾಕಿರಬಾರ್ದು? ರಾಜ ಚಟ್ನಿ ತಿನ್ನಾಕಿಲ್ವಾ?" ಓಬಮ್ಮ ಕುಂಚ ಕೆಳಗಿಡದೆ ಕೇಳಿದಳು.

ದೀಪಾವಳಿಯಾದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಮೈಲಾರಿ ಮಾತು ತೆಗೆದ. ಅವತ್ತು ಹುರುಳಿಕಾಳು ಬಸ್ಸಾರು. ಅವನ ತಮ್ಮ ಬೀರೇಶ್ ಪಕ್ಕದಲ್ಲೇ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದ.

"ಇವನಿಗೆ ಇನ್ನೊಂಚೂರು ಜಾಸ್ತಿ ಹೇಳ್ಕೊಡೇ. ಪಿಯುಸಿನೂ ಪಾಸಾಗ್ಲಿಲ್ಲ, ತೋಟದಾಗೂ ನಿಲ್ಲಲ್ಲ. ಇದಾದ್ರೂ ಕೈಗೆ ಹತ್ಲಿ."

"ಎಲ್ರ ಜೊತೆ ಹೇಳ್ಕೊಡ್ತಾನೇ ಇದೀನಲ್ರೀ."

"ಎಲ್ರ ಜೊತೆ ಅಲ್ಲ ಕಣೇ, ಬ್ಯಾರೆ ಕೂರಿಸ್ಕೊಂಡು. ನಾಟಕದ ಅಷ್ಟೂ ಪದ ಅವನು ನುಡಿಸಂಗಾಗ್ಬೇಕು. ಆವತ್ತು ನೀನು ಜ್ವರ ಗಿರ ಅಂತ ಮಲಗ್ಬುಟ್ರೆ ಊರ ಮಾನ ಉಳೀಬೇಕಲ್ಲ."

ವನಜಾಕ್ಷಿ ನಕ್ಕಳು. "ನಾನ್ಯಾಕ್ರೀ ಮಲಗ್ತೀನಿ? ಏಳಕ್ಕಾಗ್ದಿದ್ರೂ ಹೊತ್ಕೊಂಡೋಗಿ ಅಲ್ಲಿ ಕೂರಿಸಿ."

ಯಾರೂ ನಗಲಿಲ್ಲ. "ಒಂಚೂರು ಸಾರು ಬುಡವ್ವಾ" ಎಂದು ಉಗ್ರಪ್ಪ ತಟ್ಟೆ ಮುಂದೆ ಸರಿಸಿದ.

ಅಂದಿನಿಂದ ಮಧ್ಯಾಹ್ನದ ಬಿಡುವು ಬೀರೇಶನ ಪಾಲಾಯಿತು. ಹುಡುಗನ ಬೆರಳು ಚುರುಕು, ಕಿವಿ ಸ್ವಲ್ಪ ಮಂದ. ಅವಳು ಅವನ ಬೆರಳ ಮೇಲೆ ತನ್ನ ಬೆರಳಿಟ್ಟು, ಬೈದು, ಹೊಗಳಿ, ಒಂದೊಂದೇ ಪದ ತಿದ್ದಿದಳು. ಕೊಬ್ಬರಿ ಸುಲಿಯುವ ಆಳುಗಳಿಗೆ ಬುತ್ತಿ ಕಟ್ಟುವುದೂ ಅದೇ ಹೊತ್ತಿಗೆ ಬೀಳುತ್ತಿತ್ತು. ತಿಮ್ಮಕ್ಕ ಒಂದು ದಿನವೂ ಗೊಣಗಲಿಲ್ಲ. ಗಂಟಲು ಕಟ್ಟಿದಾಗ ಮೆಣಸಿನ ಕಷಾಯ ಮಾಡಿ ತಾನೇ ತಂದು ಕೊಟ್ಟಳು. "ಕಡೇ ಎರಡು ಪದ ಇನ್ನೂ ಕೂತಿಲ್ವಂತಲ್ಲವ್ವಾ ಅವನಿಗೆ?" ಎಂದೂ ವಿಚಾರಿಸಿದಳು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ತನ್ನ ವಿದ್ಯೆಗೆ ಇಷ್ಟು ಬೆಲೆ ಬಂದದ್ದನ್ನು ಕಂಡು ವನಜಾಕ್ಷಿಗೆ ಕಣ್ಣು ತುಂಬಿತ್ತು.

ಧನುರ್ಮಾಸದಲ್ಲಿ ಒಂದು ಸೋಮವಾರ ತಾಂಬೂಲದ ಶಾಸ್ತ್ರ. ನಾಟಕಕ್ಕೆ ಮುಂಚೆ ಕಲಿತವರೆಲ್ಲ ಸೇರಿ ಮೇಷ್ಟ್ರಿಗೆ ಎಲೆ ಅಡಿಕೆ, ಕಾಯಿ, ಹಣ್ಣು, ಒಂದು ಶಾಲು ಕೊಡುತ್ತಾರೆ. ಅದನ್ನು ಹಿಡಿದವರೇ ಸ್ಟೇಜಿನ ಮೇಲೂ ಕೂರುವುದು. "ತಟ್ಟೆ ನೀನೇ ಜೋಡಿಸವ್ವಾ" ಎಂದಳು ತಿಮ್ಮಕ್ಕ. ತನಗೆ ಕೊಡುವ ತಟ್ಟೆಯನ್ನು ತಾನೇ ಜೋಡಿಸುವುದೇ ಎಂದು ನಾಚಿಕೆಯಾದರೂ ವನಜಾಕ್ಷಿ ಎಲೆಯ ತೊಟ್ಟು ಮುರಿದು ಒರೆಸಿ ಸುತ್ತಲೂ ಇಟ್ಟಳು, ಜುಟ್ಟು ಉಳಿಸಿದ ಕಾಯಿಗೆ ಅರಿಶಿನ ಹಚ್ಚಿದಳು. ತಲೆಗೆ ನೀರು ಹಾಕಿಕೊಂಡು ಮದುವೆಯ ಸೀರೆ ಉಟ್ಟಳು.

ಕೊಬ್ಬರಿ ಮನೆ ತುಂಬಿತ್ತು. ಏಕಾಂತಯ್ಯ ಎದ್ದು ನಿಂತು ಗಂಟಲು ಸರಿಮಾಡಿಕೊಂಡು, "ಈಗ ನಮ್ಮ ಮೇಷ್ಟ್ರಿಗೆ ತಾಂಬೂಲ" ಎಂದ. ಉಗ್ರಪ್ಪ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಬಂದ. ವನಜಾಕ್ಷಿ ಸೆರಗು ಹೊದ್ದು ಕೈ ಚಾಚಿ ಮುಂದಕ್ಕೆ ಬಾಗಿದಳು. ತಟ್ಟೆ ಅವಳ ಮುಂದೆ ನಿಲ್ಲಲಿಲ್ಲ. ಪಕ್ಕದಲ್ಲಿ ಕೂತಿದ್ದ ಬೀರೇಶನ ಮುಂದೆ ನಿಂತಿತು. ಹುಡುಗ ತಲೆ ಎತ್ತದೆ ಹಿಡಿದುಕೊಂಡ. ಶಾಲೂ ಅವನ ಹೆಗಲಿಗೇ ಬಿತ್ತು. ಗಂಡಸರು ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಲ್ಲಿ ಯಾರ ಕೈಯೂ ಮೇಲೇಳಲಿಲ್ಲ. ಚಾಚಿದ್ದ ಕೈಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ವನಜಾಕ್ಷಿ ಸ್ಪಂದನಳ ಜಡೆ ಸರಿಮಾಡತೊಡಗಿದಳು.

"ಅಮ್ಮಾ, ತಟ್ಟೆ ನಿಂಗಲ್ವಾ?" ಮಗಳು ಎಲ್ಲರಿಗೂ ಕೇಳುವಂತೆ ಕೇಳಿತು.

"ಸುಮ್ನಿರು" ಎಂದಳು.

ಮನೆಗೆ ಬಂದವಳೇ ಸೀರೆ ಕೂಡ ಬದಲಿಸದೆ ಗಂಡನ ಎದುರು ನಿಂತಳು. ಮೈಲಾರಿ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ.

"ಯಾವಾಗ್ಲಿಂದ ಗೊತ್ತು ನಿಮಗೆ?"

"ಏನು?"

"ಏನು ಅಂತ ಕೇಳ್ಬ್ಯಾಡಿ. ಯಾವಾಗ್ಲಿಂದ?"

ಮೈಲಾರಿ ಹುಲ್ಲಿನ ಕಂತೆ ಬಿಚ್ಚುತ್ತ, "ದೀಪಾವಳಿ ಆದ್ಮೇಲೆ ಅಪ್ಪ ಹೇಳ್ತು" ಎಂದ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕಲಿಸೋದು ನಿಲ್ಲಿಸ್ಬುಡ್ತಿದ್ದೆ ಕಣೇ."

ಸುಳ್ಳಾದರೂ ಹೇಳಬಹುದಿತ್ತು ಅವನು. ನೀರು ಹೊತ್ತದ್ದು, ಕಲ್ಲುಸಕ್ಕರೆ, ಕಷಾಯ, ಎಲ್ಲಕ್ಕೂ ಅರ್ಥ ಬಂದುಬಿಟ್ಟಿತು. ಹಾಲು ಪೂರ್ತಿ ಇಳಿಯಲಿ ಎಂದು ಹಸುವಿನ ಬೆನ್ನು ಸವರುವ ಹಾಗೆ ಇವರೆಲ್ಲ ತನ್ನನ್ನು ಸವರಿದ್ದರು. ಗಂಡ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಒಳಗೆ ಉಗ್ರಪ್ಪ ಕಂಬಕ್ಕೊರಗಿ ಕೂತಿದ್ದ. ಅವಳನ್ನು ಕಂಡು ತಾನೇ ಮಾತು ಶುರು ಮಾಡಿದ. "ಕ್ವಾಪ ಮಾಡ್ಕಬ್ಯಾಡವ್ವಾ. ಊರೆಲ್ಲ ಕೂತಿರೋ ಮುಂದೆ ನಾನು ಸೊಸೆ ಕಾಲು ಮುಟ್ಟಕ್ಕಾಯ್ತದಾ? ನೀನೇ ಹೇಳು."

"ಮಗನ ಕಾಲು ಮುಟ್ಟಬೌದಾ ಮಾವಾ?"

"ಅಲ್ಲಿ ಕೂತ್ಮೇಲೆ ಅವನು ಮಗ ಅಲ್ಲ, ಮೇಷ್ಟ್ರು."

"ನಾನು ಕೂತ್ರೆ?"

ಉಗ್ರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ನೀನು ಎಲ್ಲಿ ಕೂತ್ರೂ ಸೊಸೆನೇ ಕಣವ್ವಾ."

"ಹಂಗಾದ್ರೆ ಅವತ್ತೇ ಹೇಳ್ಬೇಕಿತ್ತು. ಎಲ್ರೆದುರು ನಮ್ಮ ಸೊಸೆನೇ ಮೇಷ್ಟ್ರು ಅಂದೋರು ಯಾರು?"

"ಅವತ್ತು ಖುಷಿಯಾಗಿ ಅಂದೆ. ಕಾಲು ಮುಟ್ಟೋ ಶಾಸ್ತ್ರ ನೆಪ್ಪಾಗ್ಲಿಲ್ಲ. ಏಕಾಂತಯ್ಯನೇ ನೆಪ್ಪು ಮಾಡಿದ್ದು."

ತಿಮ್ಮಕ್ಕ ಒಲೆಯ ಮುಂದಿನಿಂದಲೇ ಸೇರಿಸಿದಳು. "ಮನೆ ಹೆಂಗಸು ಸ್ಟೇಜ್ ಮ್ಯಾಲೆ ಕೂತ್ರೆ ನಾಳೆ ನನ್ ಮಗನ್ನ ಯಾರಾದ್ರೂ ಗಂಡಸು ಅಂತಾರಾ? ಪಾಠ ಹೇಳು, ಯಾರು ಬ್ಯಾಡ ಅಂದೋರು? ಅಲ್ಲಿ ಕೂರೋದೊಂದು ಬುಡು."

"ತಟ್ಟೆ ನನ್ ಕೈಲೇ ಜೋಡಿಸಿದ್ರಲ್ಲ ಅತ್ತೇ. ಗೊತ್ತಿದ್ದೂ."

"ನೀನು ಜೋಡಿಸ್ದಂಗೆ ಬ್ಯಾರೆ ಯಾರ್ಗೂ ಬರಾಕಿಲ್ಲ ಕಣವ್ವಾ" ಎಂದಳು ತಿಮ್ಮಕ್ಕ. ಅದನ್ನು ಅವಳು ಹೊಗಳಿಕೆಯೆಂದೇ ಹೇಳಿದ್ದು.

ಬೀರೇಶ್ ಮಾತ್ರ ಎರಡು ದಿನ ಮುಖ ತಪ್ಪಿಸಿ ತಿರುಗಿ, ಕೊನೆಗೆ ಬಚ್ಚಲ ಹತ್ತಿರ ಸಿಕ್ಕಿಬಿದ್ದ. "ಅತ್ಗೆ, ನಾನು ಬ್ಯಾಡ ಅಂದೆ."

"ಎಷ್ಟು ಸಲ ಅಂದೆ?"

ಅವನು ನೆಲ ನೋಡಿದ. "ಒಂದ್ಸಲ."

ಅಂದಿನಿಂದ ತೊಟ್ಟಿಗೆ ನೀರು ತುಂಬುವ ಕೆಲಸ ಮತ್ತೆ ವನಜಾಕ್ಷಿಗೇ ಬಂತು, ಕಲಿಸುವುದು ಮುಗಿದಿತ್ತಲ್ಲ. ನಾಟಕದ ದಿನ ಅವಳು ಹೋಗಲಿಲ್ಲ. ಅತಿಥಿಗಳಿಗೆಂದು ಬೆಳಗಿನಿಂದ ಒಬ್ಬಟ್ಟು ತಟ್ಟಿ, ಎಲ್ಲರೂ ಉಂಡು ಹೊರಟ ಮೇಲೆ ಪಾತ್ರೆ ತೊಳೆದು ಮಲಗಿದಳು. ಸೇನಾಪತಿಯ ವೇಷದಲ್ಲಿದ್ದ ಗಂಡ "ಬರಲ್ವೇನೇ?" ಎಂದು ಒಂದು ಸಲ ಕೇಳಿದ್ದೂ ಉಂಟು. ಮೈಕಿನ ದನಿ ಮನೆಯವರೆಗೂ ಬರುತ್ತಿತ್ತು. ಉಗ್ರಪ್ಪ ಎಲ್ಲೂ ಜಾರಲಿಲ್ಲ. ಬೀರೇಶನ ಬೆರಳೂ ತಪ್ಪಲಿಲ್ಲ. ಒಂದೇ ಒಂದು ಕಡೆ ತಪ್ಪಲಿ ಎಂದು ಅವಳು ಹೊದಿಕೆಯೊಳಗೆ ಕಾದದ್ದು ನಿಜ; ತಪ್ಪದಿದ್ದಾಗ, ಕಲಿಸಿದ್ದು ಚೆನ್ನಾಗಿ ಕೂತಿದೆ ಎಂದು ಒಂದು ಗಳಿಗೆ ಸಂತೋಷಪಟ್ಟದ್ದೂ ನಿಜ. ಆ ಸಂತೋಷಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಪಾಠ ಮಾತ್ರ ನಿಲ್ಲಿಸಲಿಲ್ಲ. ಗಂಡಸರು ಹಾಡಲು ಸಮುದಾಯ ಭವನದ ಕಡೆ ಹೋದರು. ಕೊಬ್ಬರಿ ಮನೆಯಲ್ಲಿ ಉಳಿದದ್ದು ಮಕ್ಕಳು ಮತ್ತು ಮುದುಕಿಯರು. ಓಬಮ್ಮ ಮೊದಲ ದಿನವೇ ಅವಳ ಕೈ ಹಿಡಿದು, "ನಂಗೆ ಗೊತ್ತಿರ್ಲಿಲ್ಲ ಕಣವ್ವಾ, ಮೊದ್ಲೇ ಗೊತ್ತಿದ್ರೆ ಅಲ್ಲೇ ತಟ್ಟೆ ಕಿತ್ಕತ್ತಿದ್ದೆ" ಎಂದಳು. ಹೊರಗಿನ ಮುದುಕಿ ಆಡಿದ ಈ ಮಾತನ್ನು ಮನೆಯವರಲ್ಲಿ ಒಬ್ಬರಾದರೂ ಆಡಿದ್ದರೆ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ.

ಶಿವರಾತ್ರಿ ಹತ್ತಿರ ಬಂದಾಗ ಕಿಬ್ಬನಹಳ್ಳಿಯಿಂದ ಮೂವರು ಬಂದರು. ನಾಟಕ ನೋಡಿ ಹೋಗಿದ್ದವರು. ತಮ್ಮೂರಿನಲ್ಲೂ ಹುಡುಗರು, ಹೆಂಗಸರು, ಮುದುಕರು ಎಲ್ಲರಿಗೂ ಹಾಡು ಚಿತ್ರ ಹೇಳಿಕೊಡುವ ಒಂದು ಶಾಲೆ ಮಾಡಬೇಕು, ಬೀರೇಶ್ ಮೇಷ್ಟ್ರು ವಾರಕ್ಕೆರಡು ದಿನ ಬರಬೇಕು ಎಂದು ಕೇಳಿದರು. ಅವರ ಹಿರಿಯ ರೇವಣಸಿದ್ದಯ್ಯ, ಬಿಳಿ ಪಂಚೆಯ ಗಂಭೀರ ಮನುಷ್ಯ, ಹುಡುಗನನ್ನು ಬಹುವಚನದಲ್ಲೇ ಮಾತಾಡಿಸಿದ. ಉಗ್ರಪ್ಪನ ಮೀಸೆ ಕುಣಿಯಿತು. ಜಗಲಿಯ ಮೇಲೆ ಚಾಪೆ ಹಾಸಿ, ಹಾರ್ಮೋನಿಯಂ ತರಿಸಿದ. ಒಳಗೆ ವನಜಾಕ್ಷಿ ಕಾಫಿ ಕಾಯಿಸುತ್ತಿದ್ದಳು.

"ಒಂದು ಪದ ಆಗ್ಲಿ ಮೇಷ್ಟ್ರೇ. ನಾಟಕದ್ದು ಬ್ಯಾಡ, ಮಕ್ಕಳಿಗೆ ಹೇಳ್ಕೊಡೋವಂಥದ್ದು" ಎಂದ ರೇವಣಸಿದ್ದಯ್ಯ.

ಬೀರೇಶ್ ತಿದಿ ಒತ್ತಿದ. ಮಕ್ಕಳ ಪದಗಳನ್ನು ಅವನು ನುಡಿಸಲು ಕಲಿತಿರಲಿಲ್ಲ. ಬೇರೆ ಕೂರಿಸಿಕೊಂಡು ಅವನಿಗೆ ಕಲಿಸಿದ್ದು ನಾಟಕದ್ದಷ್ಟೇ. ಶ್ರುತಿ ಹಿಡಿದು, ಮನೆಗಳ ಮೇಲೆ ಬೆರಳಾಡಿಸುತ್ತ ಪದ ಹುಡುಕಿದ. ಬಾಗಿಲಲ್ಲಿ ನಿಂತಿದ್ದ ಸ್ಪಂದನ ಚಿಕ್ಕಪ್ಪ ತಡವರಿಸುವುದನ್ನು ನೋಡಿ ತಡೆಯಲಾರದೆ ತಾನೇ ಎತ್ತಿಕೊಂಡಳು. ಹಕ್ಕಿ ಗೂಡು ಕಟ್ಟುವ ಪದ, ಅವಳಮ್ಮ ಹೆಣೆದದ್ದು. ಎರಡೂ ಚರಣ ಒಂದು ಸ್ವರವೂ ಜಾರದಂತೆ ಹಾಡಿತು ಮಗು. ಬಂದವರು ಬೆರಗಾಗಿ ಕೂತರು.

"ಯಾರ್ ಕಲಿಸಿದ್ದು ಪುಟ್ಟಿ ನಿಂಗೆ?" ರೇವಣಸಿದ್ದಯ್ಯ ಕೇಳಿದ.

ಮಗು ತಾತನ ಮುಖ ನೋಡಿತು. ಉಗ್ರಪ್ಪ ಎಲೆ ಅಡಿಕೆ ತಟ್ಟೆಗೆ ಕೈ ಹಾಕಿದ. ಬಾಗಿಲ ಹಿಂದಿನಿಂದ ತಿಮ್ಮಕ್ಕ ಮೆಲ್ಲಗೆ, "ಚಿಕ್ಕಪ್ಪ ಅನ್ನು" ಎಂದಳು.

"ಚಿಕ್ಕಪ್ಪ" ಎಂದಿತು ಮಗು.

ಒಳಗೆ ಕಾಫಿ ಸೋಸುತ್ತಿದ್ದ ವನಜಾಕ್ಷಿಗೆ ಆ ಒಂದು ಮಾತು ತಾಂಬೂಲದ ತಟ್ಟೆ ತನ್ನನ್ನು ದಾಟಿ ಹೋದದ್ದಕ್ಕಿಂತ ಆಳಕ್ಕೆ ನಾಟಿತು. ದೊಡ್ಡವರು ಕಿತ್ತುಕೊಂಡದ್ದನ್ನು ಹೇಗೋ ನುಂಗಿಕೊಂಡಿದ್ದಳು. ಈಗ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಬಾಯಲ್ಲೇ ಸುಳ್ಳು ಆಡಿಸುತ್ತಿದ್ದಾರೆ. ಲೋಟಗಳನ್ನು ಅಲ್ಲೇ ಬಿಟ್ಟು ಜಗಲಿಗೆ ಬಂದಳು. ಹೊರಗಿನವರ ಎದುರು ಅವಳು ಹೀಗೆ ಬಂದು ನಿಂತವಳಲ್ಲ. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಯಾರು ಕಲಿಸಿದ್ದು ಮಗಳೇ?"

ಸ್ಪಂದನ ಅಮ್ಮನ ಸೆರಗು ಹಿಡಿದಳು. "ನೀನು."

"ಮತ್ತೆ ಯಾಕೆ ಹಂಗಂದೆ?"

"ಅಜ್ಜಿ ಹೇಳ್ತು."

"ವನಜಾ, ಒಳಕ್ಕೆ ಹೋಗು" ಎಂದ ಮೈಲಾರಿ.

ರೇವಣಸಿದ್ದಯ್ಯ ಒಬ್ಬೊಬ್ಬರ ಮುಖವನ್ನೂ ನೋಡಿದ. "ಹಂಗಾದ್ರೆ ಇಲ್ಲಿ ಮೇಷ್ಟ್ರು ಯಾರು ಯಜಮಾನ್ರೇ?" ಎಂದು ಉಗ್ರಪ್ಪನನ್ನೇ ಕೇಳಿದ.

ವನಜಾಕ್ಷಿ ಒಳಕ್ಕೆ ಹೋಗಲಿಲ್ಲ. ತಾನೂ ಉತ್ತರ ಕೊಡಲಿಲ್ಲ. ಇವರಲ್ಲಿ ಒಬ್ಬರು ಹೇಳಲಿ ಎಂದು ನಿಂತಳು. ಈಗ ಹೇಳಿದರೂ ಸಾಕು, ಹಿಂದಿನದೆಲ್ಲ ಮರೆತುಬಿಡುತ್ತೇನೆ ಎಂದುಕೊಂಡಳು; ನಿಜವಾಗಿಯೂ ಮರೆಯುತ್ತಿದ್ದಳು. ಉಗ್ರಪ್ಪ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿದ. ತಿಮ್ಮಕ್ಕ ಬಾಗಿಲ ಹಿಂದೆ ಸರಿದಳು. ಬೀರೇಶ್ ತಿದಿಯ ಕೊಂಡಿ ಹಾಕುತ್ತ, ತೆಗೆಯುತ್ತ ಕೂತ. ಗಂಡನ ಕಡೆ ಅವಳು ಕೊನೆಯದಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದಳು. ಮೈಲಾರಿ ಬೀದಿಯಲ್ಲಿ ಹೋಗುತ್ತಿದ್ದ ಯಾರನ್ನೋ ಗುರುತು ಹಿಡಿಯುವವನಂತೆ ಕಣ್ಣು ಕಿರಿದು ಮಾಡಿದ. ಬೀದಿಯಲ್ಲಿ ಯಾರೂ ಇರಲಿಲ್ಲ.

"ನಾನು ಕಣ್ರೀ" ಎಂದಳು ವನಜಾಕ್ಷಿ. "ಇವರೆಲ್ಲರಿಗೂ ಕಲಿಸಿದೋಳು ನಾನು. ಈ ಮನೇಲಿ ಅದನ್ನ ಯಾರೂ ಹೇಳಾಕಿಲ್ಲ, ಅದಕ್ಕೆ ನಾನೇ ಹೇಳ್ತಾ ಇದೀನಿ."

ರೇವಣಸಿದ್ದಯ್ಯ ಚಾಪೆಯ ಮೇಲೆ ಸರಿದು ಹಾರ್ಮೋನಿಯಂ ಹತ್ತಿರ ಅವಳಿಗೆ ಜಾಗ ಮಾಡಿದ.